ಐತಿಹಾಸಿಕ ಸರಕು ವ್ಯಾಗನ್‌ಗಳ ಸಂಶೋಧನೆ ಮತ್ತು ಮಾದರಿ ನಿರ್ಮಾಣ

ಐತಿಹಾಸಿಕ ಸರಕು ವ್ಯಾಗನ್‌ಗಳ ಸಂಶೋಧನೆ ಮತ್ತು ಮಾದರಿ ನಿರ್ಮಾಣ ಎಂಬುದು ಗತಕಾಲದ ರೈಲುಮಾರ್ಗಗಳಲ್ಲಿ ಸರಕು ಸಾಗಿಸುತ್ತಿದ್ದ ವ್ಯಾಗನ್‌ಗಳ ರಚನೆ, ಬಣ್ಣ, ಬರಹ ಮತ್ತು ಬಳಕೆಯನ್ನು ದಾಖಲೆಗಳ ಆಧಾರದಿಂದ ತಿಳಿದುಕೊಂಡು, ಅವುಗಳ ಕಿರುಪ್ರತಿಗಳನ್ನು ನಿಶ್ಚಿತ ಪ್ರಮಾಣದಲ್ಲಿ ತಯಾರಿಸುವ ಹವ್ಯಾಸ ಹಾಗೂ ಅಧ್ಯಯನ ಕ್ಷೇತ್ರವಾಗಿದೆ. ಈ ಕ್ಷೇತ್ರವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದು ಬಂದಿದೆ. 1900ರಿಂದ 1960ರವರೆಗಿನ ಉಗಿಯಂತ್ರದ ಯುಗ ಮತ್ತು ಡೀಸೆಲ್ ಯಂತ್ರಗಳಿಗೆ ಪರಿವರ್ತನೆಯಾದ ಕಾಲ ಇದರಲ್ಲಿ ಹೆಚ್ಚು ಅಭ್ಯಾಸಕ್ಕೆ ಒಳಗಾಗಿರುವ ಅವಧಿ. ಆಟಿಕೆಯ ರೈಲಿಗೂ ಈ ಬಗೆಯ ಮಾದರಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಪ್ರತಿಯೊಂದು ಮಾದರಿಯೂ ಒಂದು ನಿರ್ದಿಷ್ಟ ಕಂಪನಿಗೆ ಸೇರಿದ, ನಿರ್ದಿಷ್ಟ ಸಂಖ್ಯೆ ಹೊತ್ತ, ನಿರ್ದಿಷ್ಟ ವರ್ಷದಲ್ಲಿ ಓಡಾಡುತ್ತಿದ್ದ ಒಂದು ನಿಜವಾದ ವ್ಯಾಗನ್ನನ್ನು ಪ್ರತಿನಿಧಿಸಬೇಕು.

ಹಿನ್ನೆಲೆ

ರೈಲ್ವೆಯ ಇತಿಹಾಸವನ್ನು ಬರೆದವರು ಬಹುಕಾಲ ಎಂಜಿನ್‌ಗಳಿಗೂ ಪ್ರಯಾಣಿಕರ ಗಾಡಿಗಳಿಗೂ ಪ್ರಾಮುಖ್ಯ ನೀಡಿದರು. ಆದರೆ ಅಮೆರಿಕದ ರೈಲ್ವೆ ಕಂಪನಿಗಳ ವರಮಾನದ ದೊಡ್ಡ ಪಾಲು ಬರುತ್ತಿದ್ದುದು ಸರಕು ಸಾಗಣೆಯಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ದೇಶದಲ್ಲಿದ್ದ ಸರಕು ವ್ಯಾಗನ್‌ಗಳ ಸಂಖ್ಯೆ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿತ್ತು. ಗೋಧಿ, ಕಲ್ಲಿದ್ದಲು, ಮರದ ದಿಮ್ಮಿ, ಹಣ್ಣು, ಎಣ್ಣೆ, ಉಕ್ಕು ಇವೆಲ್ಲವೂ ಈ ವ್ಯಾಗನ್‌ಗಳಲ್ಲೇ ಸಾಗುತ್ತಿದ್ದವು. ಸವೆದುಹೋದ ವ್ಯಾಗನ್ನನ್ನು ಗುಜರಿಗೆ ಹಾಕುವುದು ವಾಡಿಕೆಯಾಗಿದ್ದುದರಿಂದ ಅವುಗಳಲ್ಲಿ ಉಳಿದಿರುವುದು ಅತ್ಯಲ್ಪ.

ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹಲವು ವ್ಯಾಗನ್‌ಗಳು ಸರಕು ಸೇವೆಯಿಂದ ನಿವೃತ್ತವಾದ ಬಳಿಕ ಹಳಿ ದುರಸ್ತಿ ಮುಂತಾದ ಕಂಪನಿಯ ಸ್ವಂತ ಕೆಲಸಗಳಿಗೆ ಬಳಕೆಯಾದಂಥವು. ಆ ಸಂದರ್ಭದಲ್ಲಿ ಅವುಗಳಿಗೆ ಕಿಟಕಿ ಕೊರೆಯಲಾಗಿದೆ, ಗಾಲಿಗಳನ್ನು ಬದಲಿಸಲಾಗಿದೆ, ಬೇರೆ ಬಣ್ಣ ಬಳಿಯಲಾಗಿದೆ. ಹೀಗಾಗಿ ಕಣ್ಣೆದುರಿನಲ್ಲಿರುವ ವ್ಯಾಗನ್ ಕೂಡ ತನ್ನ ಮೂಲ ರೂಪಕ್ಕೆ ಪೂರ್ಣ ಸಾಕ್ಷಿಯಾಗಲಾರದು. ಕಾಗದದ ದಾಖಲೆ, ಛಾಯಾಚಿತ್ರ ಮತ್ತು ಉಳಿದ ವಸ್ತು ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡುವುದು ಈ ಕಾರಣದಿಂದ ಅನಿವಾರ್ಯವಾಗುತ್ತದೆ.

ವ್ಯಾಗನ್‌ಗಳ ವಿಧಗಳು

ಅಮೆರಿಕದ ಸರಕು ವ್ಯಾಗನ್‌ಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಲಾಗುತ್ತದೆ.

ಬಾಕ್ಸ್ ಕಾರ್: ನಾಲ್ಕೂ ಕಡೆ ಗೋಡೆ, ಮೇಲೆ ಮಾಡು ಮತ್ತು ಪಕ್ಕದಲ್ಲಿ ಜಾರುಬಾಗಿಲು ಇರುವ ಮುಚ್ಚಿದ ವ್ಯಾಗನ್. ಧಾನ್ಯದಿಂದ ಹಿಡಿದು ಪೀಠೋಪಕರಣದವರೆಗೆ ಎಲ್ಲ ಬಗೆಯ ಸರಕಿಗೂ ಬಳಕೆಯಾಗುತ್ತಿತ್ತು.

ಹಾಪರ್: ಕಲ್ಲಿದ್ದಲು, ಜಲ್ಲಿ ಮೊದಲಾದವನ್ನು ಮೇಲಿನಿಂದ ತುಂಬಿ ತಳದ ಬಾಗಿಲುಗಳ ಮೂಲಕ ಸುರಿಯುವ ವ್ಯಾಗನ್.

ಗೊಂಡೋಲಾ: ಮಾಡಿಲ್ಲದ, ತಗ್ಗು ಗೋಡೆಗಳುಳ್ಳ ವ್ಯಾಗನ್. ಉಕ್ಕಿನ ತೊಲೆ, ಕೊಳವೆ, ಗುಜರಿ ಸಾಗಿಸಲು ಉಪಯುಕ್ತ.

ಶೀತಲ ವ್ಯಾಗನ್: ಎರಡು ತುದಿಗಳಲ್ಲಿ ಮಂಜುಗಡ್ಡೆ ತುಂಬುವ ಕೋಣೆಗಳಿದ್ದು ಹಣ್ಣು, ತರಕಾರಿ, ಮಾಂಸವನ್ನು ಕೆಡದಂತೆ ಒಯ್ಯುವ ವ್ಯಾಗನ್. ಯೂನಿಯನ್ ಪೆಸಿಫಿಕ್ ಮತ್ತು ಸದರ್ನ್ ಪೆಸಿಫಿಕ್ ಕಂಪನಿಗಳು 1906ರಲ್ಲಿ ಜಂಟಿಯಾಗಿ ಸ್ಥಾಪಿಸಿದ ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಈ ಬಗೆಯ ವ್ಯಾಗನ್‌ಗಳ ಬಹುದೊಡ್ಡ ಪಡೆಯನ್ನು ಹೊಂದಿತ್ತು.

ಇವಲ್ಲದೆ ದ್ರವಗಳಿಗಾಗಿ ಟ್ಯಾಂಕ್ ವ್ಯಾಗನ್, ಯಂತ್ರಗಳಿಗಾಗಿ ಗೋಡೆಗಳಿಲ್ಲದ ಫ್ಲ್ಯಾಟ್ ಕಾರ್, ದನಕರುಗಳಿಗಾಗಿ ಸಂದುಗಳುಳ್ಳ ಗೋಡೆಯ ಜಾನುವಾರು ವ್ಯಾಗನ್ ಮುಂತಾದವೂ ಇದ್ದವು. ವ್ಯಾಗನ್ನಿನ ತಳದಲ್ಲಿ ಎರಡೂ ತುದಿಗಳಿಗೆ ಇರುವ ಗಾಲಿಗಳ ಚೌಕಟ್ಟನ್ನು ಅಮೆರಿಕದಲ್ಲಿ ‘ಟ್ರಕ್’ ಎನ್ನುತ್ತಾರೆ.

ತಾಂತ್ರಿಕ ಬದಲಾವಣೆಗಳು ಮತ್ತು ಕಾಲನಿರ್ಣಯ

ವ್ಯಾಗನ್ನಿನ ಯಾವ ಭಾಗ ಯಾವಾಗ ಬದಲಾಯಿತು ಎಂಬುದನ್ನು ಬಲ್ಲವರು ಒಂದು ಛಾಯಾಚಿತ್ರದ ಕಾಲವನ್ನು ಸಾಕಷ್ಟು ನಿಖರವಾಗಿ ಗುರುತಿಸಬಲ್ಲರು. ಆದ್ದರಿಂದ ತಾಂತ್ರಿಕ ಇತಿಹಾಸವು ಈ ಅಧ್ಯಯನದ ಬುನಾದಿಯಾಗಿದೆ.

ಕಪ್ಲಿಂಗ್ ಮತ್ತು ಬ್ರೇಕ್: 19ನೇ ಶತಮಾನದಲ್ಲಿ ವ್ಯಾಗನ್‌ಗಳನ್ನು ಕೊಂಡಿ ಮತ್ತು ಗೂಟಗಳಿಂದ ಜೋಡಿಸಲಾಗುತ್ತಿತ್ತು. ಕೆಲಸಗಾರನು ಎರಡು ವ್ಯಾಗನ್‌ಗಳ ನಡುವೆ ನಿಂತು, ಚಲಿಸಿ ಬರುವ ವ್ಯಾಗನ್ನಿನ ಕೊಂಡಿಯನ್ನು ಕೈಯಿಂದ ಸರಿಹೊಂದಿಸಬೇಕಾಗಿತ್ತು. ಬೆರಳು, ಕೈ ಕಳೆದುಕೊಂಡವರೂ ಪ್ರಾಣ ತೆತ್ತವರೂ ಅಸಂಖ್ಯ. ಬ್ರೇಕ್ ಹಾಕಲು ಓಡುವ ರೈಲಿನ ಮಾಡಿನ ಮೇಲೆ ಮಳೆ, ಹಿಮ ಎನ್ನದೆ ನಡೆದು ಪ್ರತಿ ವ್ಯಾಗನ್ನಿನ ಕೈಚಕ್ರವನ್ನು ತಿರುಗಿಸಬೇಕಾಗಿತ್ತು. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ವಾಯು ಬ್ರೇಕಿಗೂ ಈಲೈ ಜ್ಯಾನಿ 1873ರಲ್ಲಿ ಸ್ವಯಂಚಾಲಿತ ಕಪ್ಲಿಂಗಿಗೂ ಪೇಟೆಂಟ್ ಪಡೆದರು. ಆದರೂ ಸರಕು ರೈಲುಗಳಲ್ಲಿ ಇವು ವ್ಯಾಪಕವಾಗಲು ಕಾನೂನೇ ಬೇಕಾಯಿತು. ಅಯೋವಾದ ಲೊರೆಂಜೊ ಕಾಫಿನ್ ಮೊದಲಾದವರ ದೀರ್ಘ ಹೋರಾಟದ ಫಲವಾಗಿ 1893ರ ಮಾರ್ಚ್ 2ರಂದು ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ರೈಲ್ವೆ ಸುರಕ್ಷಾ ಸಾಧನ ಕಾಯಿದೆಗೆ ಸಹಿ ಹಾಕಿದರು. ಗಡುವು ವಿಸ್ತರಣೆಯಾಗಿ 1900ರಲ್ಲಿ ಅದು ಪೂರ್ಣವಾಗಿ ಜಾರಿಗೆ ಬಂದಿತು. 1911ರಲ್ಲಿ ಏಣಿ, ಹಿಡಿಕೆ ಕಂಬಿ, ಮಾಡಿನ ನಡೆಹಲಗೆಗಳ ಅಳತೆ ಮತ್ತು ಸ್ಥಾನಗಳನ್ನೂ ನಿಯಮಗಳ ಮೂಲಕ ನಿಗದಿಪಡಿಸಲಾಯಿತು. ಮಾದರಿಯ ಮೇಲೆ ಕೂದಲೆಳೆಯಂಥ ತಂತಿಯಿಂದ ಮಾಡಿದ ಹಿಡಿಕೆಯೊಂದನ್ನು ಸರಿಯಾದ ಜಾಗದಲ್ಲಿ ಕೂರಿಸುವುದರ ಹಿಂದೆ ಈ ಇತಿಹಾಸವಿದೆ.

ಸರಕು ವ್ಯಾಗನ್‌ಗಳಲ್ಲಿ ಮೊದಲು ಬಳಕೆಯಲ್ಲಿದ್ದ ‘ಕೆ’ ಮಾದರಿಯ ಬ್ರೇಕ್ ವ್ಯವಸ್ಥೆಯ ಬದಲಿಗೆ 1933ರಿಂದ ಹೊಸ ವ್ಯಾಗನ್‌ಗಳಿಗೆ ‘ಎಬಿ’ ವ್ಯವಸ್ಥೆ ಕಡ್ಡಾಯವಾಯಿತು. ‘ಕೆ’ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಗಾಳಿಯ ತೊಟ್ಟಿ, ಕವಾಟ ಮತ್ತು ಸಿಲಿಂಡರ್ ಒಂದೇ ಘಟಕವಾಗಿ ಕೂಡಿಕೊಂಡಿರುತ್ತಿದ್ದವು. ‘ಎಬಿ’ಯಲ್ಲಿ ಈ ಮೂರೂ ಬೇರೆಬೇರೆಯಾಗಿ ಕಾಣುತ್ತವೆ.

ಒಡಲಿನ ರಚನೆ: ಆರಂಭದ ವ್ಯಾಗನ್‌ಗಳು ಪೂರ್ಣವಾಗಿ ಮರದವು. ಬಳಿಕ ಉಕ್ಕಿನ ತಳಹದಿ, ಅನಂತರ ಉಕ್ಕಿನ ಚೌಕಟ್ಟಿಗೆ ಒಳಗಿನಿಂದ ಹಲಗೆ ಹೊಡೆದ ಒಂಟಿ ಹೊದಿಕೆಯ ವ್ಯಾಗನ್‌ಗಳು, ಕೊನೆಗೆ ಸಂಪೂರ್ಣ ಉಕ್ಕಿನವು ಬಂದವು. ಮೊದಲನೆಯ ಮಹಾಯುದ್ಧದ ಸಮಯದಲ್ಲಿ, 1917ರ ಡಿಸೆಂಬರ್ ಅಂತ್ಯದಿಂದ 1920ರ ಮಾರ್ಚ್ 1ರವರೆಗೆ, ಸರ್ಕಾರವು ರೈಲ್ವೆಗಳ ಆಡಳಿತವನ್ನು ತಾನೇ ವಹಿಸಿಕೊಂಡು ಏಕರೂಪದ ವಿನ್ಯಾಸದ ಸುಮಾರು 1,00,000 ವ್ಯಾಗನ್‌ಗಳನ್ನು ತಯಾರಿಸಲು ಆದೇಶಿಸಿತು. ಇವು ದೇಶದ ಹತ್ತಾರು ಕಂಪನಿಗಳಿಗೆ ಹಂಚಿಕೆಯಾದುದರಿಂದ ಮಾದರಿ ತಯಾರಕರಿಗೆ ಅಚ್ಚುಮೆಚ್ಚಾಗಿವೆ. ಪುಲ್ಮನ್ ಸ್ಟ್ಯಾಂಡರ್ಡ್ ಕಂಪನಿಯು 1947ರಿಂದ ಮಾರುಕಟ್ಟೆಗೆ ತಂದ ‘ಪಿಎಸ್-1’ ಬಾಕ್ಸ್ ಕಾರ್ ಇಂಥ ಇನ್ನೊಂದು ಪ್ರಸಿದ್ಧ ವಿನ್ಯಾಸ. ಎರಡನೆಯ ಮಹಾಯುದ್ಧದಲ್ಲಿ ಉಕ್ಕಿನ ಅಭಾವ ಉಂಟಾದಾಗ ಮತ್ತೆ ಹಲಗೆ ಗೋಡೆಯ ವ್ಯಾಗನ್‌ಗಳನ್ನು ನಿರ್ಮಿಸಲಾಯಿತು. ಆದ್ದರಿಂದ ‘ಮರದ್ದು ಹಳೆಯದು, ಉಕ್ಕಿನದು ಹೊಸದು’ ಎಂಬ ಸರಳ ಸೂತ್ರ ಎಲ್ಲ ಕಡೆಯೂ ಸಲ್ಲುವುದಿಲ್ಲ.

ಮಾಡಿನ ನಡೆಹಲಗೆ: ವಾಯು ಬ್ರೇಕ್ ಬಂದ ಮೇಲೂ ಮಾಡಿನ ಮೇಲಿನ ನಡೆಹಲಗೆ ದಶಕಗಳ ಕಾಲ ಉಳಿದುಕೊಂಡಿತ್ತು. 1966ರಿಂದ ಹೊಸ ಬಾಕ್ಸ್ ಕಾರ್‌ಗಳನ್ನು ಅದಿಲ್ಲದೆ ನಿರ್ಮಿಸತೊಡಗಿದರು. ಹಳೆಯವುಗಳಿಂದಲೂ ಕ್ರಮೇಣ ಅದನ್ನು ತೆಗೆಯಲಾಯಿತು.

ಸಂಶೋಧನೆಯ ಆಕರಗಳು

ಮುದ್ರಿತ ದಾಖಲೆಗಳು: ವ್ಯಾಗನ್ ನಿರ್ಮಾಣದ ಮೇಲ್ವಿಚಾರಕರ ಸಂಘವಾದ ಮಾಸ್ಟರ್ ಕಾರ್ ಬಿಲ್ಡರ್ಸ್ ಅಸೋಸಿಯೇಷನ್ 1867ರಲ್ಲಿ ಸ್ಥಾಪನೆಯಾಯಿತು. ಅದರ ಆಶ್ರಯದಲ್ಲಿ 1879ರಲ್ಲಿ ವ್ಯಾಗನ್ ನಿರ್ಮಾಣದ ನಿಘಂಟು ಪ್ರಕಟವಾಯಿತು. ಒಂದೇ ಭಾಗಕ್ಕೆ ಒಂದೊಂದು ಊರಿನ ಕಾರ್ಖಾನೆಯಲ್ಲಿ ಒಂದೊಂದು ಹೆಸರಿದ್ದ ಗೊಂದಲವನ್ನು ನಿವಾರಿಸುವುದು ಅದರ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಅದು ನಕ್ಷೆ, ಚಿತ್ರಗಳಿಂದ ಕೂಡಿದ ಬೃಹತ್ ‘ಸೈಕ್ಲೊಪೀಡಿಯ’ವಾಗಿ ಬೆಳೆಯಿತು. ‘ಅಫಿಶಿಯಲ್ ರೈಲ್ವೆ ಎಕ್ವಿಪ್‌ಮೆಂಟ್ ರಿಜಿಸ್ಟರ್’ ಎಂಬ ನಿಯತಕಾಲಿಕ ಸೂಚಿಯು ಪ್ರತಿ ಕಂಪನಿಯ ವ್ಯಾಗನ್‌ಗಳ ಸಂಖ್ಯಾಶ್ರೇಣಿ, ಒಳ ಅಳತೆ, ಸಾಮರ್ಥ್ಯ ಮತ್ತು ಎಣಿಕೆಯನ್ನು ನೀಡುತ್ತಿತ್ತು. ಸರಕು ಗುಮಾಸ್ತರ ದೈನಂದಿನ ಬಳಕೆಗೆಂದು ಅಚ್ಚಾದ ಈ ಸೂಚಿಯ ಬೇರೆಬೇರೆ ವರ್ಷದ ಸಂಚಿಕೆಗಳನ್ನು ಹೋಲಿಸಿದರೆ ಒಂದು ಶ್ರೇಣಿಯ ವ್ಯಾಗನ್‌ಗಳು ಯಾವಾಗ ಸೇರ್ಪಡೆಯಾದವು, ಯಾವಾಗ ಕ್ಷೀಣಿಸಿದವು ಎಂಬುದು ತಿಳಿಯುತ್ತದೆ.

ಛಾಯಾಚಿತ್ರಗಳು: ತಯಾರಕ ಕಂಪನಿಗಳು ಪ್ರತಿ ಹೊಸ ಶ್ರೇಣಿಯ ವ್ಯಾಗನ್ನಿನ ಚಿತ್ರವನ್ನು ದೊಡ್ಡ ನೆಗೆಟಿವ್‌ಗಳಲ್ಲಿ ತೆಗೆಸುತ್ತಿದ್ದವು. ಪುಲ್ಮನ್ ಸಂಸ್ಥೆಯ ಸಂಗ್ರಹದ ಗಣನೀಯ ಭಾಗ ಇಲಿನಾಯ್ ರೈಲ್ವೆ ವಸ್ತುಸಂಗ್ರಹಾಲಯದ ಗ್ರಂಥಾಲಯದಲ್ಲಿದೆ. ಸ್ಯಾಕ್ರಮೆಂಟೊದ ಕ್ಯಾಲಿಫೋರ್ನಿಯ ರಾಜ್ಯ ರೈಲ್ವೆ ವಸ್ತುಸಂಗ್ರಹಾಲಯ, ಸ್ಟ್ರಾಸ್‌ಬರ್ಗಿನ ಪೆನ್ಸಿಲ್ವೇನಿಯ ರೈಲ್ವೆ ವಸ್ತುಸಂಗ್ರಹಾಲಯಗಳೂ ಸಂಶೋಧಕರಿಗೆ ಮುಖ್ಯ ನೆಲೆಗಳಾಗಿವೆ. ಸರ್ಕಾರದ ಯುದ್ಧ ಮಾಹಿತಿ ಕಚೇರಿಗಾಗಿ ಜ್ಯಾಕ್ ಡೆಲಾನೊ 1942–43ರಲ್ಲಿ ಶಿಕಾಗೊದ ಸರಕು ನಿಲ್ದಾಣಗಳಲ್ಲಿಯೂ ಸಾಂಟಾ ಫೆ ಮಾರ್ಗದಲ್ಲಿಯೂ ತೆಗೆದ ಚಿತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದು, ಅವುಗಳಲ್ಲಿ ಕೆಲವು ವರ್ಣಚಿತ್ರಗಳಾಗಿರುವುದು ವಿಶೇಷ. ಹವ್ಯಾಸಿ ಛಾಯಾಗ್ರಾಹಕರಲ್ಲಿ ಹೆಚ್ಚಿನವರ ಗಮನ ಎಂಜಿನ್ನಿನ ಮೇಲೆಯೇ ಇರುತ್ತಿದ್ದುದರಿಂದ, ಅನೇಕ ವೇಳೆ ಸಂಶೋಧಕರಿಗೆ ಬೇಕಾದ ವ್ಯಾಗನ್ ಚಿತ್ರದ ಹಿನ್ನೆಲೆಯಲ್ಲಿ ಆಕಸ್ಮಿಕವಾಗಿ ಸಿಕ್ಕಿಬಿದ್ದಿರುತ್ತದೆ.

ಕೆಲಸದ ದಾಖಲೆಗಳು: ಸರಕು ರೈಲಿನ ಕಂಡಕ್ಟರ್‌ಗಳು ತಮ್ಮ ರೈಲಿನಲ್ಲಿದ್ದ ಪ್ರತಿ ವ್ಯಾಗನ್ನಿನ ಒಡೆಯ ಕಂಪನಿಯ ಸಂಕೇತ, ಸಂಖ್ಯೆ, ಸರಕು ಮತ್ತು ತಲುಪಬೇಕಾದ ಸ್ಥಳವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹೀಗೆ ಉಳಿದುಬಂದ ಪುಸ್ತಕಗಳು ಒಂದು ಮಾರ್ಗದಲ್ಲಿ ನಿಜವಾಗಿ ಯಾವ ಯಾವ ವ್ಯಾಗನ್‌ಗಳು ಓಡಾಡಿದವು ಎಂಬುದಕ್ಕೆ ನೇರ ಪುರಾವೆಗಳಾಗಿವೆ.

ಬರಹಗಳು: ವ್ಯಾಗನ್ನಿನ ಮೈಮೇಲಿನ ಬರಹವೇ ಒಂದು ದಾಖಲೆ. ಒಡೆಯ ಕಂಪನಿಯ ಸಂಕೇತಾಕ್ಷರ, ಸಂಖ್ಯೆ, ಹೊರಬಲ್ಲ ಭಾರ, ಖಾಲಿ ತೂಕ ಮತ್ತು ನಿರ್ಮಾಣದ ತಿಂಗಳು–ವರ್ಷ ಅದರಲ್ಲಿರುತ್ತವೆ. ಖಾಲಿ ತೂಕವನ್ನು ನಿಯತ ಕಾಲಕ್ಕೊಮ್ಮೆ ಮತ್ತೆ ಅಳೆದು, ತೂಗಿದ ಸ್ಥಳದ ಸಂಕೇತ ಮತ್ತು ದಿನಾಂಕವನ್ನು ಬರೆಯುವುದು ನಿಯಮವಾಗಿತ್ತು. ಚಿತ್ರದಲ್ಲಿ ಈ ದಿನಾಂಕ ಓದಲು ಸಿಕ್ಕರೆ ಆ ಚಿತ್ರ ಅದಕ್ಕಿಂತ ಹಿಂದಿನದಲ್ಲ ಎಂದು ನಿಶ್ಚಯವಾಗಿ ಹೇಳಬಹುದು.

ಪುರಾವೆಗಳ ಪರಿಶೀಲನೆ

ಯಾವ ಆಕರವನ್ನೂ ಒಂಟಿಯಾಗಿ ನಂಬಬಾರದೆಂಬುದು ಈ ಕ್ಷೇತ್ರದ ಮೂಲ ಪಾಠ. ನಕ್ಷೆಯು ವ್ಯಾಗನ್ ಹೇಗಿರಬೇಕೆಂದು ಹೇಳುತ್ತದೆಯೇ ಹೊರತು ಹೇಗಿತ್ತೆಂದು ಹೇಳುವುದಿಲ್ಲ, ಕಾರ್ಖಾನೆಯಲ್ಲಿ ಬದಲಾವಣೆಗಳಾಗಿರಬಹುದು. ತಯಾರಕರ ಚಿತ್ರವು ವ್ಯಾಗನ್ನಿನ ಮೊದಲ ದಿನವನ್ನು ಮಾತ್ರ ತೋರಿಸುತ್ತದೆ. ಹತ್ತು ವರ್ಷಗಳ ಮಸಿ, ಧೂಳು, ದುರಸ್ತಿಗಳು ಅದರಲ್ಲಿರುವುದಿಲ್ಲ.

ಬಣ್ಣದ ವಿಷಯ ಇನ್ನೂ ಜಟಿಲ. ಹಿಂದಿನ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಬೆಳಕನ್ನು ಗ್ರಹಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಕಾವಿಗೆಂಪು ಬಳಿದ ವ್ಯಾಗನ್ ಅಂಥ ಚಿತ್ರದಲ್ಲಿ ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಕಪ್ಪು–ಬಿಳುಪು ಚಿತ್ರವೊಂದನ್ನೇ ನೋಡಿ ‘ಈ ವ್ಯಾಗನ್ ಕಪ್ಪು’ ಎಂದು ತೀರ್ಮಾನಿಸುವುದು ತಪ್ಪಾಗಬಹುದು. ಬಾಕ್ಸ್ ಕಾರ್‌ಗಳಿಗೆ ಸಾಮಾನ್ಯವಾಗಿ ಬಳಸುತ್ತಿದ್ದ ಬಣ್ಣ ಕಬ್ಬಿಣದ ಆಕ್ಸೈಡಿನಿಂದ ತಯಾರಾದುದು. ಅಗ್ಗವೂ ಬಾಳಿಕೆಯುಳ್ಳದ್ದೂ ಆಗಿದ್ದ ಆ ಬಣ್ಣವು ಕಂಪನಿಯಿಂದ ಕಂಪನಿಗೆ ಕಂದು, ಕೆಂಪು, ಕಿತ್ತಳೆ ಛಾಯೆಗಳಲ್ಲಿ ವ್ಯತ್ಯಾಸವಾಗುತ್ತಿತ್ತು. ಬಿಸಿಲು ಮಳೆಗಳಿಗೆ ಸಿಕ್ಕ ಮೇಲೆ ಒಂದೇ ಕಂಪನಿಯ ಎರಡು ವ್ಯಾಗನ್‌ಗಳ ಬಣ್ಣವೂ ಒಂದೇ ಆಗಿ ಉಳಿಯುತ್ತಿರಲಿಲ್ಲ.

ಒಂದು ಉದಾಹರಣೆ: ಪೆನ್ಸಿಲ್ವೇನಿಯ ರೈಲ್‌ರೋಡ್ ಕಂಪನಿಯು 1924ರಿಂದ ನಿರ್ಮಿಸಿದ ‘ಎಕ್ಸ್29’ ವರ್ಗದ ಉಕ್ಕಿನ ಬಾಕ್ಸ್ ಕಾರ್‌ಗಳನ್ನು ತೆಗೆದುಕೊಳ್ಳಬಹುದು. ಮೊದಲ ಗುಂಪುಗಳ ತುದಿಗೋಡೆಗಳು ಚಪ್ಪಟೆಯಾದ ಉಕ್ಕಿನ ತಗಡುಗಳಿಂದಾದವು. 1930ರ ದಶಕದ ಗುಂಪುಗಳಲ್ಲಿ ಏರಿಳಿತದ ಪಟ್ಟಿಗಳುಳ್ಳ ತುದಿಗೋಡೆಗಳು ಬಂದವು. ಪಕ್ಕಗೋಡೆಗಳ ಕೆಳ ಅಂಚು ತುಕ್ಕು ಹಿಡಿಯುತ್ತಿದ್ದುದರಿಂದ ಮುಂದೆ ಹಲವು ವ್ಯಾಗನ್‌ಗಳಿಗೆ ಅಲ್ಲಿ ತೇಪೆ ತಗಡು ಹಾಕಲಾಯಿತು. ಆದ್ದರಿಂದ 1926ರ ವ್ಯಾಗನ್ನನ್ನು ತೋರಿಸುವ ಮಾದರಿಯಲ್ಲಿ ತೇಪೆ ಇರಬಾರದು. 1950ರ ವ್ಯಾಗನ್ನಿನಲ್ಲಿ ಇರುವ ಸಂಭವ ಹೆಚ್ಚು. ವರ್ಗ ಒಂದೇ ಆದರೂ ವರ್ಷ ಬದಲಾದಂತೆ ಮಾದರಿಯೂ ಬದಲಾಗಬೇಕಾಗುತ್ತದೆ.

ವ್ಯಾಗನ್‌ಗಳ ಹಂಚಿಕೆಯ ಪ್ರಶ್ನೆ

ಅಮೆರಿಕದ ರೈಲ್ವೆ ಕಂಪನಿಗಳು ಪರಸ್ಪರರ ವ್ಯಾಗನ್‌ಗಳನ್ನು ತಮ್ಮ ಮಾರ್ಗಗಳಲ್ಲಿ ಓಡಿಸುತ್ತಿದ್ದವು. ಬೇರೆಯವರ ವ್ಯಾಗನ್ ತಮ್ಮಲ್ಲಿ ಇದ್ದಷ್ಟು ದಿನ ಅದಕ್ಕೆ ದಿನಬಾಡಿಗೆ ನೀಡುತ್ತಿದ್ದವು. ಹೀಗಾಗಿ ಒಂದೇ ರೈಲಿನಲ್ಲಿ ಇಪ್ಪತ್ತು ಕಂಪನಿಗಳ ಹೆಸರು ಕಂಡರೂ ಆಶ್ಚರ್ಯವಿರಲಿಲ್ಲ. ಬಾಕ್ಸ್ ಕಾರ್‌ಗಳು ಸರಕು ದೊರೆತ ಕಡೆಗೆಲ್ಲ ಅಲೆಯುತ್ತಿದ್ದುದರಿಂದ, ಪ್ರಮುಖ ಮಾರ್ಗವೊಂದರಲ್ಲಿ ಕಾಣುವ ಪರಕಂಪನಿಗಳ ಬಾಕ್ಸ್ ಕಾರ್‌ಗಳ ಪ್ರಮಾಣವು ಆಯಾ ಕಂಪನಿಯು ದೇಶದಲ್ಲಿ ಹೊಂದಿದ್ದ ಒಟ್ಟು ಪಾಲಿಗೆ ಸಮೀಪವಾಗಿರುತ್ತದೆ ಎಂಬುದು ಕೆಲವು ಸಂಶೋಧಕರ ವಾದ. ಈ ಲೆಕ್ಕದಂತೆ ಪಶ್ಚಿಮ ತೀರದ ರೈಲಿನ ಮಾದರಿಯಲ್ಲಿಯೂ ಪೂರ್ವದ ಪೆನ್ಸಿಲ್ವೇನಿಯ, ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗಳ ಬಾಕ್ಸ್ ಕಾರ್‌ಗಳು ಇರಬೇಕಾಗುತ್ತದೆ. ಆದರೆ ಗಣಿಯಿಂದ ಬಂದರಿಗೆ ಅಥವಾ ಕಾರ್ಖಾನೆಗೆ ನಿಶ್ಚಿತ ಮಾರ್ಗದಲ್ಲಿ ಓಡುವ ಹಾಪರ್‌ಗಳಿಗೂ ಹಣ್ಣಿನ ಹಂಗಾಮನ್ನು ಅವಲಂಬಿಸಿದ ಶೀತಲ ವ್ಯಾಗನ್‌ಗಳಿಗೂ ಈ ತರ್ಕ ಅನ್ವಯಿಸುವುದಿಲ್ಲ. ಕಂಡಕ್ಟರ್‌ಗಳ ಪುಸ್ತಕಗಳೇ ಈ ಚರ್ಚೆಗೆ ಒರೆಗಲ್ಲಾಗಿವೆ.

ಮಾದರಿ ನಿರ್ಮಾಣ

ಪ್ರಮಾಣ: ಅತ್ಯಂತ ಜನಪ್ರಿಯವಾದ ‘ಎಚ್‌ಓ’ ಪ್ರಮಾಣದಲ್ಲಿ ಮಾದರಿಯು ಮೂಲದ 87.1ನೇ ಒಂದು ಭಾಗದಷ್ಟಿರುತ್ತದೆ. 40 ಅಡಿ ಉದ್ದವು ಇದರಲ್ಲಿ ಸುಮಾರು 140 ಮಿಲಿಮೀಟರ್ ಆಗುತ್ತದೆ; ಒಂದು ಅಂಗುಲವು 0.3 ಮಿಲಿಮೀಟರಿಗಿಂತ ತುಸು ಕಡಿಮೆಯಾಗುತ್ತದೆ. ಇದಲ್ಲದೆ ‘ಎನ್’ (1:160), ‘ಎಸ್’ (1:64) ಮತ್ತು ‘ಓ’ (ಅಮೆರಿಕದಲ್ಲಿ 1:48) ಪ್ರಮಾಣಗಳೂ ಬಳಕೆಯಲ್ಲಿವೆ. ಮಿಲ್ವಾಕಿಯಲ್ಲಿ 1935ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಹಳಿ, ಗಾಲಿ ಮೊದಲಾದವುಗಳ ಮಾನಕಗಳನ್ನು ರೂಪಿಸಿದ್ದರಿಂದ ಬೇರೆಬೇರೆ ತಯಾರಕರ ಮಾದರಿಗಳು ಒಂದೇ ಹಳಿಯ ಮೇಲೆ ಓಡುವುದು ಸಾಧ್ಯವಾಯಿತು.

ಸಾಮಗ್ರಿ: 1930ರ ದಶಕದ ಮಾದರಿಗಳು ಮರ, ಮುದ್ರಿತ ಕಾಗದದ ಹಲಗೆ ಮತ್ತು ಎರಕದ ಲೋಹದಿಂದಾದವು. ಎರಡನೆಯ ಮಹಾಯುದ್ಧದ ನಂತರ ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ ಮಾದರಿಗಳು ಹವ್ಯಾಸವನ್ನು ಸಾಮಾನ್ಯರ ಕೈಗೆಟುಕಿಸಿದವು. ಆದರೆ ಉಕ್ಕಿನ ಅಚ್ಚಿನ ವೆಚ್ಚ ಬಹಳವಾದುದರಿಂದ ತಯಾರಕರು ಒಂದೇ ಒಡಲಿನ ಮೇಲೆ ಹತ್ತಾರು ಕಂಪನಿಗಳ ಹೆಸರು ಮುದ್ರಿಸಿ ಮಾರುತ್ತಿದ್ದರು. ಅವುಗಳಲ್ಲಿ ಎಷ್ಟೋ ಕಂಪನಿಗಳು ಅಂಥ ವ್ಯಾಗನ್ನನ್ನು ಹೊಂದಿರಲೇ ಇಲ್ಲ. 1980ರ ದಶಕದಿಂದ ಸಣ್ಣ ತಯಾರಕರು ರಬ್ಬರಿನ ಅಚ್ಚಿನಲ್ಲಿ ರೆಸಿನ್ ಎರಕ ಹೊಯ್ದು, ಕೆಲವೇ ನೂರು ಪ್ರತಿಗಳ ಮಟ್ಟಿಗೆ ಅಪರೂಪದ ವ್ಯಾಗನ್‌ಗಳ ಕಿಟ್‌ಗಳನ್ನು ಒದಗಿಸತೊಡಗಿದರು. ಇತ್ತೀಚೆಗೆ ಮೂರು ಆಯಾಮದ ಮುದ್ರಣವೂ ಈ ಸಾಲಿಗೆ ಸೇರಿದೆ. ರೆಸಿನ್ನನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಮುಖಗವಸು ಧರಿಸುವುದು ಅಗತ್ಯ.

ನಿಖರತೆ ಮತ್ತು ಹೊಂದಾಣಿಕೆ: ಎಲ್ಲವನ್ನೂ ಪ್ರಮಾಣಕ್ಕೆ ಇಳಿಸುವುದು ಸಾಧ್ಯವಿಲ್ಲ. ನಿಜವಾದ ವ್ಯಾಗನ್ನಿನ ಗಾಲಿಯ ಅಗಲ ಸುಮಾರು 5.5 ಅಂಗುಲ, ಎಚ್‌ಓ ಪ್ರಮಾಣದಲ್ಲಿ ಅದು 0.063 ಅಂಗುಲವಾಗಬೇಕು. ಬಹುಕಾಲ ಬಳಕೆಯಲ್ಲಿದ್ದ ಮಾದರಿ ಗಾಲಿಗಳ ಅಗಲ 0.110 ಅಂಗುಲ. ಈಗ ನಿಖರತೆ ಬಯಸುವವರಲ್ಲಿ ಹಲವರು 0.088 ಅಂಗುಲದ ಗಾಲಿಗಳನ್ನು ಬಳಸುತ್ತಾರೆ. ಮಾದರಿಯ ತೂಕಕ್ಕೂ ಶಿಫಾರಸಿದೆ: ಎಚ್‌ಓ ಪ್ರಮಾಣದಲ್ಲಿ ಒಂದು ಔನ್ಸಿನ ಜೊತೆಗೆ ಪ್ರತಿ ಅಂಗುಲ ಉದ್ದಕ್ಕೆ ಅರ್ಧ ಔನ್ಸ್. ಅದರಂತೆ 5.5 ಅಂಗುಲ ಉದ್ದದ ಮಾದರಿ 3.75 ಔನ್ಸ್, ಅಂದರೆ ಸುಮಾರು 106 ಗ್ರಾಂ ತೂಗಬೇಕು. ತೀರ ಹಗುರವಾದರೆ ತಿರುವುಗಳಲ್ಲಿ ಹಳಿ ತಪ್ಪುತ್ತದೆ.

ಹಳೆಯದಾಗಿಸುವಿಕೆ: ಬಣ್ಣ ಬಳಿದು ಬರಹಗಳನ್ನು ಅಂಟಿಸಿದ ಮೇಲೆ ತೆಳು ಬಣ್ಣದ ಪದರ, ಪುಡಿ ಮತ್ತು ಪೆನ್ಸಿಲ್‌ಗಳಿಂದ ಮಸಿ, ಧೂಳು, ತುಕ್ಕುಗಳನ್ನು ತೋರಿಸುತ್ತಾರೆ. ಇಲ್ಲಿಯೂ ಆಧಾರವಾಗಬೇಕಾದುದು ಛಾಯಾಚಿತ್ರವೇ. ಹೊಸದಾಗಿ ತೂಗಿದ ದಿನಾಂಕವನ್ನು ಬರೆದ ಜಾಗದ ಬಣ್ಣ ಸುತ್ತಲಿನ ಕೊಳೆಗಿಂತ ಶುಭ್ರವಾಗಿರುವುದು, ಸರಕು ಸಿಬ್ಬಂದಿ ಸೀಮೆಸುಣ್ಣದಲ್ಲಿ ಬರೆದ ಗುರುತುಗಳು ಮಸುಕಾಗಿ ಉಳಿದಿರುವುದು ಮುಂತಾದ ವಿವರಗಳನ್ನು ಗಮನಿಸಲಾಗುತ್ತದೆ.

ಸಾಹಿತ್ಯ

1934ರ ಜನವರಿಯಲ್ಲಿ ಆರಂಭವಾದ ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯು ಹವ್ಯಾಸದ ಬೆಳವಣಿಗೆಗೆ ನೆರವಾಯಿತು. ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿದ್ದ ಇತಿಹಾಸಕಾರ ಜಾನ್ ಎಚ್. ವೈಟ್ ಅವರು 1993ರಲ್ಲಿ ಪ್ರಕಟಿಸಿದ ಅಮೆರಿಕದ ಸರಕು ವ್ಯಾಗನ್ನಿನ ಇತಿಹಾಸವು ವಿಶೇಷವಾಗಿ ಮರದ ವ್ಯಾಗನ್‌ಗಳ ಕಾಲಕ್ಕೆ ಪ್ರಮಾಣಗ್ರಂಥವೆನಿಸಿದೆ. ಆಂಟನಿ ಥಾಂಪ್ಸನ್ ಅವರು ಸದರ್ನ್ ಪೆಸಿಫಿಕ್ ಕಂಪನಿಯ ವ್ಯಾಗನ್‌ಗಳ ಕುರಿತು ಹಲವು ಸಂಪುಟಗಳನ್ನು ಬರೆದಿದ್ದಾರೆ. ಈ ಕ್ಷೇತ್ರದ ಗ್ರಂಥಗಳಲ್ಲಿ ಅನೇಕವು ಬೇರೆ ವೃತ್ತಿಗಳಲ್ಲಿದ್ದವರು ಬಿಡುವಿನ ವೇಳೆಯಲ್ಲಿ ಶ್ರಮಿಸಿ ಸಿದ್ಧಪಡಿಸಿದವು.

ಮಹತ್ವ

ಮಾದರಿ ತಯಾರಿಸಲು ಹೊರಟವನು ಬರಹಗಾರನಿಗೆ ಎದುರಾಗದ ಪ್ರಶ್ನೆಗಳನ್ನು ಎದುರಿಸುತ್ತಾನೆ. ಏಣಿಗೆ ಎಷ್ಟು ಮೆಟ್ಟಿಲು, ಬಾಗಿಲಿನ ಚಿಲಕ ಯಾವ ಕಡೆ, ತಳದಲ್ಲಿ ಬ್ರೇಕಿನ ಸರಳು ಹೇಗೆ ಹಾದುಹೋಗುತ್ತದೆ ಎಂಬುದನ್ನು ಅಸ್ಪಷ್ಟವಾಗಿ ಬಿಟ್ಟು ಮುಂದೆ ಸಾಗಲು ಅವನಿಗೆ ಸಾಧ್ಯವಿಲ್ಲ. ಈ ಒತ್ತಾಯದಿಂದಾಗಿ ಕಂಪನಿಗಳು ವಿಲೀನಗೊಂಡಾಗ ಕಸಕ್ಕೆ ಸೇರಬಹುದಾಗಿದ್ದ ನಕ್ಷೆ, ನೆಗೆಟಿವ್, ಪುಸ್ತಕಗಳನ್ನು ಹವ್ಯಾಸಿಗಳು ಹುಡುಕಿ ಉಳಿಸಿಕೊಂಡ ಸಂದರ್ಭಗಳಿವೆ. ವ್ಯಾಗನ್‌ಗಳ ಮೂಲರೂಪವನ್ನು ಪುನಃ ಸ್ಥಾಪಿಸುವ ವಸ್ತುಸಂಗ್ರಹಾಲಯಗಳಿಗೂ ಇಂಥ ಸಂಶೋಧನೆ ಉಪಯೋಗಕ್ಕೆ ಬರುತ್ತದೆ.

ಭಾರತದ ಸಂದರ್ಭ

ಭಾರತದ ಹಳೆಯ ಸರಕು ವ್ಯಾಗನ್‌ಗಳು ಬ್ರಿಟಿಷ್ ಪದ್ಧತಿಯ ತಿರುಪು ಕೊಂಡಿ ಮತ್ತು ಪಕ್ಕದ ಬಫರ್‌ಗಳನ್ನು ಹೊಂದಿದ್ದವು. ಇಂದಿನ ಭಾರತೀಯ ವ್ಯಾಗನ್‌ಗಳಲ್ಲಿರುವ ಸೆಂಟರ್ ಬಫರ್ ಕಪ್ಲರ್ ಈಲೈ ಜ್ಯಾನಿಯ ಕಪ್ಲಿಂಗಿನ ಪರಂಪರೆಗೆ ಸೇರಿದುದು. ಭಾರತೀಯ ವ್ಯಾಗನ್‌ಗಳ ಮಾದರಿ ಮಾಡುವವರಿಗೆ ಹಳಿಯ ಅಗಲವೇ ಮೊದಲ ತೊಡಕು. 1676 ಮಿಲಿಮೀಟರ್‌ಗಳ ಬ್ರಾಡ್‌ಗೇಜ್ ಎಚ್‌ಓ ಪ್ರಮಾಣದಲ್ಲಿ 19.2 ಮಿಲಿಮೀಟರ್ ಆಗಬೇಕು; ಮಾರುಕಟ್ಟೆಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. ಮೀಟರ್‌ಗೇಜ್ ಇದೇ ಪ್ರಮಾಣದಲ್ಲಿ ಸುಮಾರು 11.5 ಮಿಲಿಮೀಟರ್ ಆಗುವುದರಿಂದ ಯುರೋಪಿನಲ್ಲಿ ಬಳಕೆಯಲ್ಲಿರುವ 12 ಮಿಲಿಮೀಟರ್ ಹಳಿ ಅದಕ್ಕೆ ಸಮೀಪವಾಗಿ ಹೊಂದುತ್ತದೆ.

ಹಿಂದಿನ ಮೈಸೂರು ಸಂಸ್ಥಾನದ ರೈಲುಮಾರ್ಗಗಳಲ್ಲಿ ಹೆಚ್ಚಿನವು ಮೀಟರ್‌ಗೇಜ್ ಆಗಿದ್ದವು. 1992ರಲ್ಲಿ ಏಕರೂಪ ಗೇಜ್ ಯೋಜನೆ ಆರಂಭವಾದ ಮೇಲೆ ಮೀಟರ್‌ಗೇಜ್ ವ್ಯಾಗನ್‌ಗಳು ವೇಗವಾಗಿ ಮರೆಯಾದವು. ನವದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ (1977) ಮತ್ತು ಮೈಸೂರಿನ ರೈಲು ವಸ್ತುಸಂಗ್ರಹಾಲಯ (1979) ಹಳೆಯ ಎಂಜಿನ್, ಗಾಡಿಗಳನ್ನು ಸಂರಕ್ಷಿಸಿವೆ. ಅಮೆರಿಕದ ಸಂಶೋಧಕರು ಅನುಸರಿಸಿದ ಕ್ರಮವನ್ನು ಇಲ್ಲಿಯೂ ಬಳಸಬಹುದು: ವ್ಯಾಗನ್ನಿನ ಮೈಮೇಲಿನ ಬರಹವನ್ನು ದಾಖಲಿಸುವುದು, ಹಳೆಯ ಚಿತ್ರಗಳ ಹಿನ್ನೆಲೆಯನ್ನು ಗಮನಿಸುವುದು, ನಕ್ಷೆಯೊಂದಿಗೆ ತಾಳೆ ನೋಡುವುದು ಮತ್ತು ನಿವೃತ್ತ ರೈಲ್ವೆ ಸಿಬ್ಬಂದಿಯ ಅನುಭವಗಳನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳುವುದು.